ನಮ್ಮಕ್ಕನ ಸುತ್ತುದಾರಿ

ನಮ್ಮಕ್ಕ ಸೈತಾನನಿಗೆ ಹೆದರುತ್ತಾಳೆಂದು ಊರೆಲ್ಲ ಹೇಳುತ್ತದೆ. ಸುಳ್ಳು. ಸೈತಾನನೇ ನಮ್ಮಕ್ಕನಿಗೆ ಹೆದರಿ ನಮ್ಮ ಓಣಿಗೆ ಬರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬಂದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಮೊದಲು ಚಾಪೆ ಹಾಸಿ ಕೂಡಿಸುತ್ತಾಳೆ. ಆಮೇಲೆ ನಿನ್ನ ಊರು ಯಾವುದು, ನಿನ್ನ ಅವ್ವ ಯಾರು, ಇಷ್ಟು ವರ್ಷ ಈ ಕೆಲಸ ಮಾಡಿ ಏನು ಸುಖ ಕಂಡಿ ಎಂದು ಕೇಳುತ್ತಾಳೆ. ಕೊನೆಗೆ ಒಂದು ಒಣ ರೊಟ್ಟಿ ಕೊಟ್ಟು, ಅವನು ತಿನ್ನುವುದನ್ನು ಎದುರಿಗೆ ಕೂತು ನೋಡುತ್ತಾಳೆ. ಆ ನೋಟವನ್ನು ತಡೆದುಕೊಳ್ಳುವವರು ನಮ್ಮ ಊರಲ್ಲೇ ಇಲ್ಲ, ನರಕದಲ್ಲಿ ಇರುತ್ತಾರೆಯೆ?

ನಾನು ಓದಿದ್ದು ಮೂರನೆಯ ಇಯತ್ತೆ. ಅದೂ ಪೂರ್ತಿಯಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡಿಸಿದರು. ಹತ್ತಿ ಮುಗಿಯಿತು, ಮತ್ತೆ ಶಾಲೆಗೆ ಕಳಿಸುವುದನ್ನು ಮರೆತರು. ಈಗ ಮೊಮ್ಮಗಳು ನನ್ನ ಅಕ್ಷರ ತಿದ್ದುತ್ತಾಳೆ. ಮಾತು ತಿದ್ದಲು ನಾನು ಬಿಡುವುದಿಲ್ಲ. ನನಗೆ ಎಪ್ಪತ್ತನಾಲ್ಕು, ಅಕ್ಕನಿಗೆ ಎಂಬತ್ತೊಂದು. ಐವತ್ತು ವರ್ಷದ ಮೇಲಾಯಿತು, ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅಕ್ಕನ ಬಗ್ಗೆ ನಗಲು ಬೇಕಾದಷ್ಟು ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ತನ್ನ ಬಾಳಿನಲ್ಲಿ ಒಂದೇ ಒಂದು ಸಲ ನನ್ನ ಸಲಹೆ ಕೇಳಿದಳು. ಎರಡನೆಯ ಮದುವೆ ಮಾಡಿಕೊಳ್ಳಲೋ ಬೇಡವೋ ಎಂದು. ನಾನು ತಪ್ಪು ಉತ್ತರ ಕೊಟ್ಟೆ. ತಿಳಿಯದೆ ಕೊಟ್ಟದ್ದಲ್ಲ, ತಿಳಿದೇ ಕೊಟ್ಟೆ. ಇನ್ನು ನೀವು ನಗಬಹುದು.

ನಮ್ಮದು ನವಲಗುಂದದ ಆಚೆಯ ಊರು. ಹನ್ನೆರಡು ಕ್ರೈಸ್ತರ ಮನೆ, ಒಂದು ಸಣ್ಣ ಚರ್ಚು. ನಮ್ಮ ಹರೆಯದ ಕಾಲದ ಪಾಸ್ಟರು ಒಂದು ಭಾನುವಾರ ಶೋಧನೆಯ ಬಗ್ಗೆ ಬೋಧನೆ ಮಾಡಿದರು. ಶೋಧನೆ ಎಂದರೆ ನಮ್ಮವರಲ್ಲದವರಿಗೆ ತಿಳಿಯಲಿಕ್ಕಿಲ್ಲ. ಬೇಡದ್ದನ್ನು ಬೇಕು ಅನ್ನಿಸಿ ಮನುಷ್ಯನನ್ನು ಕೆಡವುವ ಆಸೆಗೆ ನಾವು ಹಾಗೆನ್ನುತ್ತೇವೆ. ಅದರ ಎದುರು ಗಟ್ಟಿಯಾಗಿ ನಿಲ್ಲುತ್ತೇನೆಂಬ ಸೊಕ್ಕು ಬೇಡ, ಅದು ಇರುವ ದಾರಿಯನ್ನೇ ತುಳಿಯಬೇಡಿ, ಬಾಜು ಸರಿದು ಹೋಗಿರಿ ಎಂದರು. ನಾವೆಲ್ಲ ತಲೆಯಾಡಿಸಿ, ಮನೆಗೆ ಬಂದು, ಉಂಡು ಮಲಗಿದೆವು. ಅಕ್ಕ ಮಾತ್ರ ಮುಂದಿನ ವಾರದಿಂದ ದಾರಿ ಬದಲಿಸಿದಳು.

ಅಕ್ಕನ ಶೋಧನೆ ಮಿರ್ಚಿ. ಬಸ್ ಸ್ಟ್ಯಾಂಡಿನ ಬಾಜು ರಾಜೇಸಾಬ ಗಾಡಿ ಹಚ್ಚಿಕೊಂಡು ಮಿರ್ಚಿ ಕರಿಯುತ್ತಿದ್ದ. ನಮ್ಮ ಮನೆಯಿಂದ ಚರ್ಚಿಗೆ ಹೋಗುವ ದಾರಿ ಆ ಗಾಡಿಯ ಮುಂದೆಯೇ. ಅಕ್ಕ ಊರ ಹಿಂದಿನ ಕೆರೆ ಸುತ್ತಿ, ಹತ್ತಿ ಹೊಲದ ಬದುವಿನ ಮೇಲೆ ಹಾಯ್ದು ಚರ್ಚಿಗೆ ಬರತೊಡಗಿದಳು. ಹತ್ತು ನಿಮಿಷದ ದಾರಿ ಒಂದು ತಾಸಾಯಿತು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣನ್ನು ನೀವು ತುಳಿದಿದ್ದೀರಾ? ಹೆಜ್ಜೆಗೊಂದು ಪದರ ಕಾಲಿಗೆ ಹತ್ತುತ್ತದೆ. ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಒಂದು ಗೇಣು ಎತ್ತರವಾಗಿರುತ್ತಿದ್ದಳು! ಆ ಮಣ್ಣು ಕೆರೆದು, ಕಾಲು ತೊಳೆದು ಒಳಗೆ ಬರುವಾಗ ಕಡೆಯ ಪ್ರಾರ್ಥನೆ ನಡೆದಿರುತ್ತಿತ್ತು. ಆಮೆನ್ ಅನ್ನುವುದಕ್ಕೆ ಮಾತ್ರ ಸರಿಯಾಗಿ ಒದಗುತ್ತಿದ್ದಳು.

ಪಾಸ್ಟರು ಒಂದು ದಿನ ತಡೆಯಲಾರದೆ ಕೇಳಿದರು. "ಅಕ್ಕಾರ, ನೀವು ಮಿರ್ಚಿಯಿಂದ ತಪ್ಪಿಸ್ಕೊಂಡ್ರಿ ಖರೆ. ನನ್ನ ಬೋಧನೆಯಿಂದನೂ ತಪ್ಪಿಸ್ಕೊಳ್ಳಾಕತ್ತೀರಲ್ರಿ?"

"ನಿಮ್ಮ ಬೋಧನೆ ಒಂದು ಕೇಳೇನ್ರಿ," ಎಂದಳು ಅಕ್ಕ. "ಅದನ್ನ ನಡಸಾಕತ್ತೇನಿ. ಅದು ಮುಗಿದ ಮ್ಯಾಲೆ ಎರಡನೇದು ಕೇಳಾಕ ಬರ್ತೇನಿ."

ಮುಂದೆ ಒಂದು ವರ್ಷ ರಸ್ತೆ ಅಗಲ ಮಾಡುವಾಗ ಬಸ್ ಸ್ಟ್ಯಾಂಡಿನ ಗಾಡಿಗಳನ್ನೆಲ್ಲ ಎಬ್ಬಿಸಿದರು. ರಾಜೇಸಾಬ ತನ್ನ ಗಾಡಿಯನ್ನು ಎಲ್ಲಿಗೆ ಒಯ್ದನೆಂದುಕೊಂಡಿರಿ? ಕೆರೆಯ ದಂಡೆಗೆ! ಆ ಭಾನುವಾರ ನಾನೂ ಅಕ್ಕನ ಜೊತೆ ಆ ದಾರಿಯಲ್ಲೇ ಹೊರಟಿದ್ದೆ. ಹಿಂದೆ ಕೆಸರು, ಮುಂದೆ ಕಾದ ಎಣ್ಣೆ. ಅಕ್ಕ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ ಎಂಟು ಮಿರ್ಚಿ ತಿಂದಳು. ನಾನು ಮೂರು. ಬಾಯಿ ಒರೆಸಿಕೊಂಡು ನನಗೆ ತಿಳಿಸಿ ಹೇಳಿದಳು: "ಇದು ಶೋಧನಿ ಅಲ್ಲ ಲೇ. ಶೋಧನಿ ಆಗಿದ್ರ ನಾ ಅದರ ಕಡೆ ಹೋಗಿರ್ತಿದ್ದೆ. ಇದು ತಾನಾಗಿ ನನ್ನ ಕಡೆ ಬಂದೈತಿ."

ಅಕ್ಕನ ಬುದ್ಧಿ ಬರೀ ಮಿರ್ಚಿಗೆ ಮೀಸಲಾಗಿರಲಿಲ್ಲ. ಯಾವುದನ್ನೇ ಆಗಲಿ ಪರೀಕ್ಷೆ ಮಾಡಬೇಕು, ಒಳ್ಳೆಯದಾದರೆ ಹಿಡಿದುಕೊಳ್ಳಬೇಕು, ಕೆಟ್ಟದ್ದಾದರೆ ಬಿಡಬೇಕು ಎಂಬುದು ನಮ್ಮಲ್ಲಿ ಎಲ್ಲರೂ ಕೇಳಿದ ಮಾತು. ಕೇಳಿ ಬಿಡುವ ಮಾತು. ಅಕ್ಕ ಅದಕ್ಕೂ ಗಂಟುಬಿದ್ದಳು. ಮನುಷ್ಯನನ್ನು ಪರೀಕ್ಷಿಸಲು ಆಕೆ ಕಂಡುಹಿಡಿದ ಸಾಧನ ಜೋಳದ ರೊಟ್ಟಿ. ಮನೆಗೆ ಹೊಸಬರು ಬಂದರೆ ತಾಟಿನಲ್ಲಿ ಬರೀ ರೊಟ್ಟಿ ಇಡುತ್ತಿದ್ದಳು. ಪಲ್ಯವಿಲ್ಲ, ಚಟ್ನಿಯಿಲ್ಲ, ಒಂದು ಉಳ್ಳಾಗಡ್ಡಿಯೂ ಇಲ್ಲ. ಒಳಗೆ ಒಲೆಯ ಮೇಲೆ ಪುಂಡಿ ಪಲ್ಯ ಕುದಿಯುವ ವಾಸನೆ ಪಡಸಾಲೆಯ ತನಕ ಬರುತ್ತಿರುತ್ತಿತ್ತು. ಅದು ಬೇಕೆಂದೇ ಮಾಡಿದ ಏರ್ಪಾಟು. ಮತ್ತೇನಿದೆ ಎಂದು ಕೇಳದೆ ತಿಂದವರು ನೆಟ್ಟಗಿನವರು.

ಒಮ್ಮೆ ಹೊರಗಿನಿಂದ ಒಬ್ಬ ಬೋಧಕ ಬಂದ. ಬಿಳಿ ಅಂಗಿ, ಬಿಳಿ ಬೂಟು, ರೋಗ ವಾಸಿಮಾಡುವ ಎಣ್ಣೆಯ ಸೀಸೆ. ಚರ್ಚಿನವರೆಲ್ಲ ಮರುಳಾಗಿದ್ದರು, ನಾನು ಎಲ್ಲರಿಗಿಂತ ಹೆಚ್ಚು. ಆತ ನಮ್ಮ ಮನೆಗೆ ಊಟಕ್ಕೆ ಬಂದ. ಅಕ್ಕ ರೊಟ್ಟಿ ಇಟ್ಟಳು. ಆತ ಮೊದಲು ಮೊಸರು ಕೇಳಿದ. ಆಮೇಲೆ ಚಟ್ನಿ. ಆಮೇಲೆ ಹಿತ್ತಲಲ್ಲಿ ಕೆದರುತ್ತಿದ್ದ ಕೋಳಿಯನ್ನು ನೋಡಿ, ದೇವರ ಸೃಷ್ಟಿ ಎಷ್ಟು ಚೆಂದ ಎಂದ. ಅಕ್ಕ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಇವ ದೇವರ ಕಡಿಂದ ಬಂದಿಲ್ಲ, ಹುಬ್ಬಳ್ಳಿ ಕಡಿಂದ ಬಂದಾನ."

ನಾನು ಸಿಟ್ಟಾದೆ. ಹದಿನೈದು ದಿನದ ಮೇಲೆ ಆ ಬೋಧಕ ಚರ್ಚಿನ ಹಾರ್ಮೋನಿಯಂ ದುರಸ್ತಿ ಮಾಡಿಸಿಕೊಂಡು ಬರುತ್ತೇನೆಂದು ಬಸ್ಸಿಗೆ ಹೇರಿಕೊಂಡು ಹೋದ. ಇವತ್ತಿಗೂ ಅದರ ದುರಸ್ತಿ ನಡೆದಿದೆ.

ಈಗ ವಯಸ್ಸಾಗಿ ಕಣ್ಣು ಮಂಜಾದರೂ ಅಕ್ಕನ ಪರೀಕ್ಷೆ ನಿಂತಿಲ್ಲ. ಹೋದ ವರ್ಷ ಮನೆಯಲ್ಲಿ ಯಾರೂ ಇಲ್ಲದಾಗ ಮೊಬೈಲು ರಿಂಗಾಯಿತಂತೆ. ಬ್ಯಾಂಕಿನಿಂದ ಮಾತಾಡುತ್ತೇನೆ, ನಿಮ್ಮ ಮೊಬೈಲಿಗೆ ಒಂದು ನಂಬರು ಬಂದಿದೆ, ಅದನ್ನು ಹೇಳಿರಿ ಎಂದನಂತೆ ಒಬ್ಬ. ಹೇಳುತ್ತೇನೆ, ಮೊದಲು ನಿನ್ನ ಅವ್ವನ ಹೆಸರು ಹೇಳು ಎಂದಳಂತೆ ಈಕೆ. ಯಾಕೆ ಮೇಡಂ ಎಂದರೆ, ನಿನಗಾಗಿ ಪ್ರಾರ್ಥನೆ ಮಾಡಬೇಕು, ಇಂಥ ಕೆಲಸಕ್ಕೆ ಬಿದ್ದಿದ್ದೀ ಎಂದು ಆಕೆಗೆ ಗೊತ್ತಿದೆಯೋ ಇಲ್ಲವೋ ಎಂದಳಂತೆ. ಆತ ಫೋನ್ ಇಟ್ಟ. ನಗಬೇಡಿ, ಮುಂದೆ ಕೇಳಿ. ಎರಡು ದಿನ ಬಿಟ್ಟು ಅವನೇ ಮತ್ತೆ ಫೋನ್ ಮಾಡಿ ಅವ್ವನ ಹೆಸರು ಹೇಳಿದ! ಮೊಣಕಾಲು ನೋವಂತೆ ಆಕೆಗೆ. ಅಕ್ಕ ಈಗಲೂ ದಿನಾ ಬೆಳಿಗ್ಗೆ ಆ ಮೊಣಕಾಲಿಗಾಗಿ ಪ್ರಾರ್ಥನೆ ಮಾಡುತ್ತಾಳೆ.

ಇಂಥ ಹೆಂಗಸು, ಎದುರಿಗೆ ಬಂದವರ ಒಳಗು ಹೊರಗು ಒಂದು ರೊಟ್ಟಿಯಲ್ಲಿ ತಿಳಿಯುವವಳು, ಒಂದು ಸಲ ತನ್ನ ಬುದ್ಧಿಯನ್ನು ಬಿಟ್ಟು ನನ್ನ ಬುದ್ಧಿಯನ್ನು ಕೇಳಿದಳು.

ಅಕ್ಕನ ಗಂಡ ಮದುವೆಯಾಗಿ ಎರಡು ವರ್ಷಕ್ಕೆ ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ನಮ್ಮ ಅವ್ವ ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಚೊಚ್ಚಲ ಬಾಣಂತನಕ್ಕೆಂದು ಅಕ್ಕ ನಮ್ಮ ಮನೆಗೆ ಬಂದಳು, ಬಂದವಳು ಉಳಿದುಬಿಟ್ಟಳು. ರೊಟ್ಟಿ ಬಡಿಯುವುದು ಆಕೆ, ಎಮ್ಮೆ ಹಿಂಡುವುದು ಆಕೆ, ನನ್ನ ಕೂಸುಗಳ ಕುಂಡಿ ತೊಳೆಯುವುದು ಆಕೆ. ನಾನು ಏನು ಮಾಡುತ್ತಿದ್ದೆ? ಮುಂದಿನ ಕೂಸಿಗೆ ಬಸಿರಾಗುತ್ತಿದ್ದೆ.

ಮೂರನೆಯ ಬಸಿರಿನಲ್ಲಿದ್ದಾಗ ಚರ್ಚಿನಲ್ಲಿ ಬೆಂಚು ಮಾಡಿಸಬೇಕೆಂದು ಹಿರಿಯರು ನಿರ್ಧಾರ ಮಾಡಿದರು. ಅಲ್ಲಿಯ ತನಕ ಎಲ್ಲರೂ ಜಮಖಾನದ ಮೇಲೆ ನೆಲಕ್ಕೆ ಕೂಡುತ್ತಿದ್ದೆವು. ಕಲಘಟಗಿ ಕಡೆಯಿಂದ ಒಬ್ಬ ಬಡಿಗನನ್ನು ಕರೆಸಿದರು. ನಮ್ಮವನೇ, ಕ್ರೈಸ್ತ. ಹೆಂಡತಿ ತೀರಿದ್ದಳು. ನಲವತ್ತರ ಆಚೀಚೆ ಇದ್ದಾನು. ಕಿವಿಯ ಮೇಲೆ ಪೆನ್ಸಿಲು, ತಲೆಯ ತುಂಬ ಕಟ್ಟಿಗೆಯ ಪುಡಿ, ಬಾಯಲ್ಲಿ ಮಾತು ಬಹಳ ಕಡಿಮೆ. ಹನ್ನೆರಡು ಮನೆಯವರೂ ಆತನ ಊಟ ಹಂಚಿಕೊಂಡರು. ಮಧ್ಯಾಹ್ನದ ಊಟ ನಮ್ಮ ಪಾಲಿಗೆ ಬಂತು.

ಮೊದಲ ದಿನ ಅಕ್ಕ ತನ್ನ ಪದ್ಧತಿಯಂತೆ ಬರೀ ರೊಟ್ಟಿ ಇಟ್ಟಳು. ಆತ ನಾಲ್ಕು ರೊಟ್ಟಿ ತಿಂದ, ಒಂದು ಚರಿಗೆ ನೀರು ಕುಡಿದ, ತಾಟು ತೊಳೆದು ಬೋರಲು ಹಾಕಿದ. ಹೋಗುವಾಗ ನಮ್ಮ ಹಿತ್ತಲ ಬಾಗಿಲು ಕಿರ್ ಎನ್ನುವುದನ್ನು ಕೇಳಿ ನಿಂತ. ಮರುದಿನ ಬರುವಾಗ ಉಳಿ ತಂದು, ಬಾಗಿಲು ಕಳಚಿ, ಅಂಚು ಕೆತ್ತಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸಿದ. ಮೂರನೆಯ ದಿನ ಅಕ್ಕ ಆತನ ರೊಟ್ಟಿಗೆ ಬೆಣ್ಣೆ ಸವರಿದಳು. ಯಾರೂ ಕೇಳದೆ ಆಕೆ ಬೆಣ್ಣೆ ಹಾಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನ್ನ ಗಂಡ ತನ್ನ ತಾಟನ್ನೊಮ್ಮೆ, ಆತನ ತಾಟನ್ನೊಮ್ಮೆ ನೋಡಿ ರೊಟ್ಟಿ ಮುರಿದ.

ಒಂದು ತಿಂಗಳಾಗುವಾಗ ಆ ಬಡಿಗ ಪಾಸ್ಟರನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕೂತು, ಮರ್ಯಾದೆಯಿಂದ ಅಕ್ಕನನ್ನು ಕೇಳಿದ. ಅವ್ವ ಅಪ್ಪ ಇಲ್ಲವಾದ್ದರಿಂದ ನಾನೂ ನನ್ನ ಗಂಡನೂ ಹಿರಿಯರು. ಅಕ್ಕನಿಗೆ ಮೂವತ್ತೈದು, ನನಗೆ ಇಪ್ಪತ್ತೆಂಟು. ನೋಡಿ ನನ್ನ ಹಿರಿತನ! ಅಕ್ಕ ಒಳಗಿನಿಂದಲೇ ಎಂಟು ದಿನ ಕೊಡಿರಿ ಎಂದಳು.

ಎಂಟು ದಿನ ಆಕೆ ಒಪ್ಪೊತ್ತು ಉಂಡು ಪ್ರಾರ್ಥನೆ ಮಾಡಿದಳು. ಏಳನೆಯ ದಿನ ಹಿತ್ತಲಲ್ಲಿ ಇಬ್ಬರೂ ಅರಿವೆ ಒಗೆಯುತ್ತಿದ್ದೆವು. ದೊಡ್ಡ ಹಾಸಿಗೆ ಅರಿವೆಯ ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಆಕೆ. ಹಿಂಡುತ್ತ ಹಿಂಡುತ್ತ ಕೇಳಿದಳು.

"ತಂಗಿ, ಇದು ಆಶೀರ್ವಾದ ಏನ, ಶೋಧನಿ ಏನ? ನನಗ ತಿಳಿವಲ್ದು. ನಾ ಹೋಗಿಲ್ಲ, ತಾನಾಗಿ ಬಂದೈತಿ. ಆದ್ರ ಮನಸ್ಸು ಬಾಳ ಹಂಬಲಿಸ್ತೈತಿ. ಇಷ್ಟು ಹಂಬಲಿಸಿದ್ದು ಚಲೋದಿರತೈತೇನು?"

ನಾನು ನನ್ನ ಹೊಟ್ಟೆ ನೋಡಿಕೊಂಡೆ. ಬಾಗಿಲಲ್ಲಿ ನನ್ನ ಎರಡು ಕೂಸುಗಳು ಅಳುತ್ತಿದ್ದವು. ಒಲೆಯ ಮೇಲಿನ ಹಂಚು ಕಣ್ಣಿಗೆ ಬಂತು, ಎಮ್ಮೆ ಕಣ್ಣಿಗೆ ಬಂತು. ಆ ಬಡಿಗ ಮಾತ್ರ ಕಣ್ಣಿಗೆ ಬರಲಿಲ್ಲ. ಅಕ್ಕನಿಗೆ ಮಿರ್ಚಿ ಶೋಧನೆಯಾಗಿದ್ದರೆ, ನನಗೆ ಅಕ್ಕನ ಎರಡು ಕೈಗಳೇ ಶೋಧನೆಯಾಗಿದ್ದವು. ಅದು ನನಗೆ ಆಗ ತಿಳಿಯಲಿಲ್ಲ ಎಂದು ಬರೆದರೆ ಓದುವವರು ನಂಬುತ್ತೀರಿ. ಆದರೆ ತಿಳಿದಿತ್ತು. ಮುಖವನ್ನು ಪಾಸ್ಟರ ಹೆಂಡತಿಯಂತೆ ಮಾಡಿಕೊಂಡು ಹೇಳಿದೆ.

"ಶೋಧನೀನ ಅಕ್ಕ. ಮೊದಲನೇ ತೋಟದಾಗ ದೇವರು ತಿನ್ನಬ್ಯಾಡ ಅಂದ ಹಣ್ಣೂ ನೋಡಾಕ ಚಲೋನ ಇತ್ತು."

ಅಕ್ಕ ಇನ್ನೊಂದು ಸುತ್ತು ಹಿಂಡಿದಳು. ಅರಿವೆಯಲ್ಲಿ ನೀರು ಉಳಿದಿರಲಿಲ್ಲ.

ಬೆಂಚಿನ ಕೆಲಸ ಇನ್ನೂ ಹತ್ತು ದಿನದ್ದಿತ್ತು. ಬೇಡವೆಂಬ ಮಾತು ಆತನಿಗೆ ತಲುಪಿತ್ತು, ಆದರೂ ಊಟಕ್ಕೆ ಬರಲೇಬೇಕಲ್ಲ? ಅಕ್ಕ ಆ ಹತ್ತು ದಿನವೂ ಬಾಜು ಸರಿದು ಹೋಗಿರಿ ಎಂಬ ಪಾಸ್ಟರ ಬೋಧನೆಯನ್ನು ತಪ್ಪದೆ ಪಾಲಿಸಿದಳು. ಮುಂಬಾಗಿಲಲ್ಲಿ ಆತನ ಕೆಮ್ಮು ಕೇಳಿದ ಕೂಡಲೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು. ಆತನೇ ಸರಿಮಾಡಿದ ಬಾಗಿಲು, ಸಪ್ಪಳವೇ ಆಗುತ್ತಿರಲಿಲ್ಲ. ಆತನಿಗೆ ಊಟ ಬಡಿಸಿದವಳು ನಾನು. ಆತ ಹಿತ್ತಲ ಕಡೆ ಒಂದು ಸಲ ನೋಡಿ, ತಾಟು ತೊಳೆದಿಟ್ಟು, ಹೋಗುತ್ತಿದ್ದ. ಕಡೆಯ ದಿನ ನನಗೆ ಕೈಮುಗಿದು, ಉಪಕಾರವಾಯಿತು ಎಂದ. ಯಾವ ಉಪಕಾರಕ್ಕೋ! ಆಮೇಲೆ ಆತ ಬೇರೆ ಕಡೆ ಮದುವೆಯಾದನೆಂದು ಕೇಳಿದೆ. ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡನೆಂದೂ ಕೇಳಿದೆ. ಅದನ್ನು ನಾನು ಕೇಳದಿದ್ದರೆ ಒಳ್ಳೆಯದಿತ್ತು.

ಮುಂದಿನ ಭಾನುವಾರ ಎಲ್ಲರೂ ಹೊಸ ಬೆಂಚಿನ ಮೇಲೆ ಕೂತೆವು. ಅಕ್ಕ ಮಾತ್ರ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕರೆದರೆ ಬರಲಿಲ್ಲ. ಅದರ ಮುಂದಿನ ವಾರವೂ ನೆಲ. ಅದರ ಮುಂದಿನ ವರ್ಷವೂ ನೆಲ. ಪಾಸ್ಟರುಗಳು ಬದಲಾದರು. ಬಂದ ಪ್ರತಿಯೊಬ್ಬರೂ ಈ ಅಕ್ಕನಿಂದ ದೀನತೆ ಕಲಿಯಿರಿ ಎಂದು ಬೋಧನೆಯಲ್ಲಿ ಹೇಳಿದರು. ಒಬ್ಬರಂತೂ ಅಕ್ಕನನ್ನು ತೋರಿಸಿ ಕಣ್ಣೀರು ಹಾಕಿದರು. ನಾನು ಬೆಂಚಿನ ಮೇಲೆ ಕೂತು ತಲೆಯಾಡಿಸಿದೆ. ಬಹಳ ಗಟ್ಟಿಯಾದ ಬೆಂಚು. ನಲವತ್ತಾರು ವರ್ಷದಲ್ಲಿ ಒಂದು ಮೊಳೆ ಸಡಿಲಾಗಲಿಲ್ಲ.

ಈ ವರ್ಷ ಚರ್ಚಿಗೆ ಹೊಸ ಪಾಸ್ಟರು ಬಂದಿದ್ದಾರೆ. ಹುಡುಗ ವಯಸ್ಸು. ಗೋಡೆಗೆ ಬಣ್ಣ ಹೊಡೆಸಿದರು, ಬೆಂಚು ಹಳೆಯದಾಯಿತೆಂದು ತೆಗೆಸಿ ಪ್ಲಾಸ್ಟಿಕ್ ಖುರ್ಚಿ ತರಿಸಿದರು. ಆ ಭಾನುವಾರ ಅಕ್ಕ ನನ್ನ ಹೆಗಲು ಹಿಡಿದು ಒಳಗೆ ಬಂದಳು. ಸುತ್ತಲೂ ನೋಡಿದಳು. ಬೆಂಚು ಇಲ್ಲ. ನೆಟ್ಟಗೆ ಹೋಗಿ ಮುಂದಿನ ಸಾಲಿನ ಖುರ್ಚಿಯಲ್ಲಿ ಕೂತಳು. ಎಲ್ಲರಿಗೂ ಖುಷಿ! ಅಜ್ಜಿಗೆ ಕಾಲು ನೋವು, ಕಡೆಗೂ ಖುರ್ಚಿ ಒಪ್ಪಿಕೊಂಡರು ಎಂದು ಪಾಸ್ಟರು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಕೈ ಏಳಲಿಲ್ಲ. ಆಕೆಯದು ದೀನತೆಯಲ್ಲವೆಂದು ನನಗೆ ಮೊದಲಿಂದ ಗೊತ್ತಿತ್ತು. ಆದರೆ ಹಂಬಲ ಎಂದೋ ಆರಿಹೋಗಿದೆ, ನೆಲದ ಮೇಲೆ ಕೂಡುವುದು ಬರೀ ರೂಢಿಯಾಗಿ ಉಳಿದಿದೆ ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡಿದ್ದೆ. ಆರಿಹೋದದ್ದರಿಂದ ಯಾರೂ ನಲವತ್ತಾರು ವರ್ಷ ತಪ್ಪಿಸಿಕೊಂಡು ಕೂಡುವುದಿಲ್ಲ.

ಮರುದಿನ ಹೊತ್ತೇರಿದ ಮೇಲೆ ಹಿತ್ತಲಲ್ಲಿ ಇಬ್ಬರೂ ಹಸಿ ಕಡಲೆ ಸುಲಿಯುತ್ತಿದ್ದೆವು. ಸೊಸೆ ಹೊಲಕ್ಕೆ ಹೋಗಿದ್ದಳು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಹೇಳಿಬಿಟ್ಟೆ.

"ಅಕ್ಕ, ಆ ಬಡಿಗ ಕೇಳಾಕ ಬಂದಾಗ ನಾ ನಿನಗ ಶೋಧನಿ ಅಂದಿದ್ದು ಸುಳ್ಳು. ನನ್ನ ಬಾಣಂತನಕ್ಕ ನೀ ಬೇಕಾಗಿದ್ದಿ."

ಅಕ್ಕ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಯಾವಾಗ ಗೊತ್ತಾತು?"

"ಆವತ್ತ. ನೀ ದೇವರ ಹೆಸರು ತಗೊಂಡು ಮಾತಾಡೂದು ಸುಳ್ಳು ಹೇಳೂವಾಗಷ್ಟ."

ಬೇರೆಯವರಾದರೆ ಇಲ್ಲಿ ಅಳುತ್ತಿದ್ದರು. ನಾನು ಅಳುವವರ ಪೈಕಿ ಅಲ್ಲ. ನನಗೆ ಸಿಟ್ಟು ಬಂತು. ತಿಳಿದೂ ಯಾಕೆ ಹೋಗಲಿಲ್ಲ, ನನ್ನನ್ನು ಬೈದಾದರೂ ಹೋಗಬಹುದಿತ್ತಲ್ಲ ಎಂದು ಜೋರು ಮಾಡಿದೆ.

ಅಕ್ಕ ಇನ್ನೊಂದು ಹಿಡಿ ಕಾಯಿ ಸುಲಿದಳು. ಮೊರದಲ್ಲಿ ಕಾಳು, ಮಡಿಲಲ್ಲಿ ಸಿಪ್ಪೆ. ಆಮೇಲೆ ಹೇಳಿದಳು.

"ಅವ್ವ ಇರಲಿಲ್ಲ, ಅಪ್ಪ ಇರಲಿಲ್ಲ. ಹೋಗು ಅನ್ನಾಕ ಒಬ್ರು ಬೇಕಾಗಿತ್ತು ಲೇ. ಇದ್ದಾಕಿ ನೀ ಒಬ್ಬಾಕಿ."

ಕಾಗೆ ಬಂದು ಎರಡು ಕಾಳು ಎತ್ತಿಕೊಂಡು ಹೋಯಿತು. ಎಮ್ಮೆಯನ್ನು ಗದರಿದ ಹಾಗೆ ಬಂತು ನನ್ನ ದನಿ.

"ಹೋಗು, ಅಕ್ಕ."

ಅಕ್ಕ ನನ್ನ ಕಡೆ ತಿರುಗಿದಳು. ಮಂಜಾದ ಕಣ್ಣು, ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ.

"ಈಗೇನು?"

"ಹೂಂ. ಈಗ."

ಅಕ್ಕ ಮಡಿಲಿನ ಸಿಪ್ಪೆ ಕೊಡವಿದಳು. ಮೊರ ಬಾಜು ಸರಿಸಿದಳು.

"ಯಾವ ಸೀರಿ ಉಟ್ಕೊಳ್ಳಲಿ?" ಎಂದು ಕೇಳಿ, ಎಬ್ಬಿಸು ಎಂದು ನನ್ನ ಕಡೆ ಕೈ ಚಾಚಿದಳು.